ಆರದ ಬ್ರೇಕ್ ಲೈಟು

ಬೈಂದೂರಿನ ದುಗ್ಗಪ್ಪ ಶೆಟ್ಟರ ಅಂಬಾಸಿಡರ್ ಕಾರಿನ ಹಿಂದಿನ ಬ್ರೇಕ್ ಲೈಟು ಆರುವುದೇ ಇಲ್ಲ ಎಂಬ ಸಂಗತಿಯನ್ನು ಊರಿಗೆ ಸಾರಿದವನು ಬಸ್ಸಿನ ಕಂಡಕ್ಟರ್ ನಾಗ. ಅದೂ ಎಲ್ಲಿ, ಬಸ್ ನಿಲ್ಲುವ ಜಾಗದ ಹೋಟೆಲಿನೆದುರು, ಹತ್ತು ಮಂದಿ ಬೆಳಗಿನ ಚಾ ಕುಡಿಯುತ್ತಿದ್ದಾಗ.

“ಹ್ವಾಯ್ ಲೀಲಾಧರಣ್ಣ, ನಿಮ್ ಕಾರಿನ್ ಬ್ರೇಕ್ ಲೈಟಿಗ್ ಎಂತ ಆಯ್ತ್? ನಿನ್ನೆ ತ್ರಾಸಿಯಿಂದ ಇಲ್ಲಿವರೆಗೂ ಉರೀತೇ ಇದ್ದಿತ್. ನೀವ್ ಈಗ ನಿಲ್ಸ್ತ್ರಿ, ಈಗ ನಿಲ್ಸ್ತ್ರಿ ಅಂದ್ಕಂಡ್ ನಮ್ ಬಸ್ಸೂ ಹಿಂದೇ ತೆವಳ್ತ್.”

ಚಾ ಕುಡಿಯುತ್ತಿದ್ದವರು ನಕ್ಕರು. ಡ್ರೈವರ್ ಲೀಲಾಧರನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಅವನು ಬರೀ ಡ್ರೈವರನಲ್ಲ, ‘ಬೊಂಬಾಯಿ ಡ್ರೈವರ್’. ಬೊಂಬಾಯಿಯಲ್ಲಿ ಆರು ವರ್ಷ ಸೇಠಜಿಯೊಬ್ಬರ ಕಾರು ಓಡಿಸಿದವನು ಎಂಬ ಹೆಸರಿನ ಮೇಲೆಯೇ ಶೆಟ್ಟರ ಮನೆಯಲ್ಲಿ ಕೆಲಸ ಸಿಕ್ಕಿತ್ತು. ನಿಜ ಹೇಳಬೇಕೆಂದರೆ ಆ ಆರು ವರ್ಷ ಅವನು ಸೇಠಜಿಯ ಕಾರು ತೊಳೆದಿದ್ದ. ಓಡಿಸಿದ್ದು ನಲ್ಲಿಯ ಬುಡದಿಂದ ಗೇಟಿನವರೆಗೆ ಮಾತ್ರ. ಲೈಸೆನ್ಸು ಹೇಗೆ ಸಿಕ್ಕಿತೆಂದು ನಾವು ಕೇಳುವುದು ಬೇಡ. ಈ ಗುಟ್ಟು ರಟ್ಟಾದರೆ ಕೆಲಸದ ಜೊತೆ ಮಾನವೂ ಹೋಗುತ್ತದೆಂದು ಅವನು ಎರಡು ತಿಂಗಳಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಅಂದು ಸಂಜೆ ಶೆಟ್ಟರು ಮಗಳು ಸ್ನೇಹಲತಾಳ ಸಂಬಂಧದ ಮಾತುಕತೆಗೆ ಬ್ರಹ್ಮಾವರಕ್ಕೆ ಹೋಗುವುದಿತ್ತು. ಲೈಟಿನ ಸುದ್ದಿ ಅವರ ಕಿವಿಗೂ ಬಿತ್ತು. ಕುಂದಾಪುರಕ್ಕೆ ಹೋಗಿ ರಿಪೇರಿ ಮಾಡಿಸಿಕೊಂಡು ನಾಲ್ಕು ಗಂಟೆಗೆ ಮನೆಯೆದುರು ನಿಲ್ಲಬೇಕು ಎಂದರು.

ಗ್ಯಾರೇಜಿನ ಗುಣಪಾಲ ಕಾರು ನಿಲ್ಲಿಸಿಯೇ ಪರೀಕ್ಷೆ ಮಾಡಿದ. ಬ್ರೇಕ್ ಮೆಟ್ಟಿದರೆ ಲೈಟು ಹತ್ತಿತು, ಬಿಟ್ಟರೆ ಆರಿತು. ಏನೂ ತೊಂದರೆಯಿಲ್ಲ ಎಂದ. ಲೀಲಾಧರ ಹಿಗ್ಗಿ ಕಾರನ್ನು ರಸ್ತೆಗಿಳಿಸಿದ್ದೇ ತಡ, ಎದುರಿನ ಜವಳಿ ಅಂಗಡಿಯವರು ಲೈಟು ಉರಿಯುತ್ತಿದೆ ಎಂದು ಕೂಗಿ ಹೇಳಿದರು. ಗುಣಪಾಲ ಸ್ವಿಚ್ಚು ಬದಲಿಸಿದ. ನಿಂತಾಗ ಸರಿ, ಹೊರಟರೆ ಮತ್ತೆ ಅದೇ ಕತೆ. ಹಿಂದಿನ ಸೀಟು ಕಳಚಿ, ಮುಂದಿನಿಂದ ಹಿಂದಿನವರೆಗೆ ಹೊಸ ವೈರು ಎಳೆದ. ಉರಿಯುವುದು ನಿಲ್ಲಲಿಲ್ಲ.

ಅಷ್ಟರಲ್ಲಿ ಪೆನ್ಶನ್ ಮೇಷ್ಟ್ರು ವೈಕುಂಠ ಐತಾಳರು ಸೈಕಲ್ಲಿನಿಂದ ಇಳಿದರು. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ, ನಡುವೆ ಓಡುವ ಕಾರಿಗೆ ಉಪ್ಪು ಗಾಳಿ ಹೊಕ್ಕು ಕರೆಂಟಿನ ತಲೆ ಕೆಟ್ಟಿದೆ ಎಂಬುದು ಅವರ ಸಿದ್ಧಾಂತ. ಬಲ್ಬು ಬದಲಿಸಲು ಹೇಳಿದರು, ಬದಲಿಸಿದ್ದೂ ಆಯಿತು. ತಾವೇ ಸೈಕಲ್ಲಿನಲ್ಲಿ ಹಿಂದೆ ಬಂದು ಪರೀಕ್ಷಿಸುವುದಾಗಿಯೂ ಹೇಳಿದರು. ಎರಡು ಸಲ ಅವರು ಕಾರನ್ನು ದಾಟಿ ಮುಂದೆ ಹೋಗಿಬಿಟ್ಟು, ಕಾರು ಬರುವವರೆಗೆ ರಸ್ತೆ ಬದಿಯಲ್ಲಿ ಕಾಯಬೇಕಾಯಿತು.

ಕೊನೆಗೆ ಗುಣಪಾಲ ತಾನೇ ಕಾರು ಓಡಿಸಿ ನೋಡಿದ. ಲೈಟು ಹತ್ತಲಿಲ್ಲ. ಅವನು ಲೀಲಾಧರನನ್ನು ಓಡಿಸಲು ಕೂರಿಸಿ, ತಾನು ಪಕ್ಕದಲ್ಲಿ ಕೂತ. ಕಾರು ಹೊರಟಿತು. ಗುಣಪಾಲ ಬಗ್ಗಿ ಕೆಳಗೆ ನೋಡಿದ. ಲೀಲಾಧರನ ಎಡಗಾಲು ಕ್ಲಚ್ಚು ಬಿಟ್ಟದ್ದೇ ಮೆಲ್ಲಗೆ ಪಕ್ಕಕ್ಕೆ ಸರಿದು ಬ್ರೇಕಿನ ಮೇಲೆ ಕೂತಿತ್ತು.

“ಈ ಕಾಲ್ ಎಂತಕೆ ಅಲ್ಲಿ?”

“ಅದ್ ಅಲ್ಲೇ ಇಪ್ಪುದ್.”

“ಯಾವಾಗ್ಳಿಂದ?”

“ಕಲ್ತ ದಿವ್ಸದಿಂದ.”

ಸೈಕಲ್ ತುಳಿದುಕೊಂಡು ಕಿಟಕಿಯ ಪಕ್ಕಕ್ಕೆ ಬಂದಿದ್ದ ಐತಾಳರೂ ಇಣುಕಿ ಆ ಕಾಲನ್ನು ನೋಡಿದರು. “ಕುಣಿಯಲಾರದವಳಿಗೆ...” ಎಂದು ಶುರು ಮಾಡಿದವರು, ಪಾಪ ಅನ್ನಿಸಿತೋ ಏನೋ, ಗಾದೆಯನ್ನು ಅರ್ಧಕ್ಕೇ ಬಿಟ್ಟು ಸೈಕಲ್ ತಿರುಗಿಸಿದರು. ಅವರು ಪೂರ್ತಿ ಹೇಳಿ ನಕ್ಕಿದ್ದರೂ ಲೀಲಾಧರನಿಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಸ್ವಿಚ್ಚು, ವೈರು, ಬಲ್ಬು ಎಲ್ಲವನ್ನೂ ತನ್ನೊಂದು ಕಾಲಿಗಾಗಿ ಬದಲಿಸಿದ್ದಾಯಿತಲ್ಲ ಎಂದು ಅವನಿಗೆ ಅಳುವೇ ಬಂತು. ಗುಣಪಾಲ ಒಳ್ಳೆಯವನು. ಕಾಲು ಹಿಂದಕ್ಕೆ ಇಡುವುದನ್ನು ಒಂದು ಗಂಟೆ ಕೂತು ಕಲಿಸಿದ.

ಸಂಜೆ ನಾಲ್ಕಕ್ಕೆ ಶೆಟ್ಟರು ಕಾರು ಹತ್ತಿದರು. ಲೀಲಾಧರ ಜೀವಮಾನದಲ್ಲಿ ಮೊದಲ ಬಾರಿಗೆ ಕಾರನ್ನು ಕಾರಿನಂತೆ ಓಡಿಸಿದ. ಗಾಳಿ ಬೀಸಿ ಹೋಯಿತು, ತೆಂಗಿನ ಮರಗಳು ಹಿಂದೆ ಓಡಿದವು. ಒಂದು ಬಸ್ಸನ್ನೂ ದಾಟಿದ. ಇನ್ನು ಯಾರೂ ತನ್ನ ಬೆನ್ನಹಿಂದೆ ನಗಲಾರರೆಂದು ಎದೆ ಉಬ್ಬಿತು.

ಮರವಂತೆಯಲ್ಲಿ ಹಿಂದಿನ ಸೀಟಿನಿಂದ ನಿಲ್ಲಿಸಲು ಹೇಳುವ ಸಣ್ಣ ದನಿ ಕೇಳಿಸಿತು. ಕಾರು ನಿಲ್ಲಿಸಿ ತಿರುಗಿ ನೋಡಿದರೆ ಶೆಟ್ಟರು ಎರಡೂ ಕೈಯಲ್ಲಿ ಸೀಟು ಹಿಡಿದು ಬೆವರುತ್ತಿದ್ದರು.

“ಎಂತ ಆಯ್ತ್ ನಿಂಗೆ ಇವತ್ತ್?”

ಲೀಲಾಧರ ಮುಚ್ಚಿಡಲಿಲ್ಲ. “ಲೈಟ್ ಹಾಳಾಯ್ಲಿಲ್ಲ ಶೆಟ್ರೇ. ನನ್ ಕಾಲೇ ಬ್ರೇಕಿನ್ ಮೇಲಿದ್ದಿತ್. ಬೊಂಬಾಯಂಗೆ ನಾ ಕಾರ್ ಬಿಟ್ಟವ ಅಲ್ಲ, ತೊಳ್ದವ. ಈಗ ಕಾಲ್ ತೆಗ್ದಿದೆ.”

“ನೀ ಕಾರ್ ಬಿಟ್ಟವ ಅಲ್ಲ ಅಂತ ನಂಗೆ ಮೊದಲ್ನೇ ದಿವ್ಸವೇ ಗೊತ್ತಾಯ್ತ್,” ಎಂದರು ಶೆಟ್ಟರು. “ನಿಂಗಿಂತ ಮುಂಚೆ ಮೂರ್ ಜನ ಡ್ರೈವರನ್ನ ಎಂತಕ್ ಬಿಡ್ಸಿದ್ದ್ ಅಂದ್ಕಂಡೆ? ಕಾರ್ ಓಡ್ರೆ ನಂಗೆ ಹೆದ್ರಿಕಿ. ಊರಂಗೆ ಹೇಳ್ಕಂಬುಕ್ ಆತಿಲ್ಲ. ಆ ಕಾಲ್ ಬ್ರೇಕಿನ್ ಮೇಲೇ ಇಡ್. ತೆಗ್ದ್ ದಿವ್ಸ ನಿನ್ ಕೆಲ್ಸ ಹೋಯ್ತ್.” ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹೇಳಿದರು: “ಯಾರಾರ್ ಕೇಂಡ್ರೆ ನನ್ ಹೆಸ್ರ್ ಎತ್ತೂಕಾಗ.”

ಎಡಗಾಲು ಮತ್ತೆ ಬ್ರೇಕ್ ಮೇಲೆ ಹೋಗಿ ಕೂತಿತು. ಆಗ ಅವರು ದಾಟಿ ಬಂದಿದ್ದ ಬಸ್ಸು ಹಾರನ್ ಹೊಡೆಯುತ್ತ ಹಿಂದಿನಿಂದ ಬಂದು, ಅವರನ್ನು ದಾಟಿ ಹೋಯಿತು.

ಬ್ರಹ್ಮಾವರ ಮುಟ್ಟಿದಾಗ ದೀಪ ಹಚ್ಚುವ ಹೊತ್ತಾಗಿತ್ತು. ಜಗಲಿಯ ತುಂಬ ಗಂಡಿನ ಕಡೆಯವರು. ಗಂಡಿನ ತಂದೆ ಮೆಟ್ಟಿಲಿಳಿದು ಬಂದು, ಕಾರಿದ್ದೂ ಇಷ್ಟು ತಡವೇಕೆ, ರಸ್ತೆಯ ತಿರುವಿನಲ್ಲಿ ಕಂಡಾಗಿನಿಂದ ಹಿಂದಿನ ಆ ಲೈಟು ಬೇರೆ ಉರಿಯುತ್ತಲೇ ಬಂತಲ್ಲ ಎಂದು ವಿಚಾರಿಸಿದರು. ದುಗ್ಗಪ್ಪ ಶೆಟ್ಟರು ಶಾಲು ಸರಿಮಾಡಿಕೊಂಡು ಗಂಭೀರವಾಗಿ ಡ್ರೈವರನ ಕಡೆ ತಿರುಗಿದರು.

“ಅವ್ರ್ ಕೇಂತ್ರಲೆ, ಹೇಳ್.”

ಜಗಲಿಯೆಲ್ಲ ಅವನನ್ನೇ ನೋಡಿತು. ಲೀಲಾಧರ ತಲೆ ತಗ್ಗಿಸಿ, ಎಲ್ಲರಿಗೂ ಕೇಳುವಂತೆ ಹೇಳಿದ:

“ನಂಗೆ ಕಾರ್ ಬಿಡೂಕೆ ಬತ್ತಿಲ್ಲ.”