ಪಶ್ಚಿಮ ದಿಕ್ಕಿನ ವರ್ಗಾವಣೆ ಕೋರಿ

(ಅರ್ಜಿಯ ನೆತ್ತಿಯ ಮೇಲೆ ಪೆನ್ಸಿಲ್‌ನಲ್ಲಿ, ನನಗಾಗಿ ಮಾತ್ರ: ನಾಳೆ ಬಾಯಿ ತೆರೆದಾಗ ಮಾತಿನ ಬದಲು ಬಿಕ್ಕಳಿಕೆ ಬಂದರೆ?)

ಇಂದ,
ಮಿರಿಯಂ ಫೆಲ್ಟನ್, ಇತಿಹಾಸದ ಪದವೀಧರೆ,
ಧೂಳು ಒರೆಸುವ ಸಹಾಯಕಿ, ಊರಿನ ವಸ್ತುಸಂಗ್ರಹಾಲಯ,
ಹೆರನ್ ದ್ವೀಪ, ಕೆರೊಲಿನಾ ಕರಾವಳಿ.

ಗೆ,
ನಮ್ಮ ವಸಾಹತಿನ ಮೊದಲ ನಕ್ಷೆ ಬರೆದ ಮಹನೀಯರು
(ತೀರಿಕೊಂಡು ಮುನ್ನೂರು ವರ್ಷ ಮೀರಿದೆ, ಹಾಲಿ ವಿಳಾಸ ತಿಳಿಯದು).

ವಿಷಯ: ನಮ್ಮ ದ್ವೀಪದ ಪಶ್ಚಿಮ ದಿಕ್ಕನ್ನು ತುರ್ತಾಗಿ ಉತ್ತರಕ್ಕೆ ವರ್ಗಾಯಿಸುವ ಬಗ್ಗೆ.

ಉಲ್ಲೇಖ: ತಮ್ಮ ನಕ್ಷೆಯ ಕೆಳ ಅಂಚಿನ ಲಂಗರು ಗುರುತು, ಪಾದ್ರಿಗಳ ಬಲಗಾಲಿನ ಬೂಟು.

ಮಾನ್ಯರೇ,

ಸತ್ತವರ ಮುಂದೆ ನನ್ನ ದನಿ ನಡುಗುವುದಿಲ್ಲವಾದ ಕಾರಣ, ತಮ್ಮಲ್ಲಿ ನಿವೇದಿಸಿಕೊಳ್ಳುವುದೇನೆಂದರೆ:

೧. ನಮ್ಮ ಹಿರಿಯರು ಹಡಗಿನಿಂದ ಇಳಿದ ದಿನವನ್ನು ಊರಿನವರು ಪ್ರತಿ ವಸಂತದಲ್ಲಿ ಆಡಿ ತೋರಿಸುತ್ತಾರೆ. ಅವರು ಇಳಿದ ಜಾಗದ ಲಂಗರು ಗುರುತು ನಕ್ಷೆಯ ಕೆಳಗಿದೆ, ಕೆಳಗೆಂದರೆ ದಕ್ಷಿಣ, ದಕ್ಷಿಣವೆಂದರೆ ಕೆಸರು. ಆದ್ದರಿಂದ ಕಸೂತಿ ಕಾಲರು ತೊಟ್ಟ ಇಡೀ ಊರು ದೋಣಿಯಿಂದ ಮೊಣಕಾಲುದ್ದ ಕೆಸರಿಗೆ ಇಳಿಯುತ್ತದೆ. ಹೋದ ವರ್ಷ ಪಾದ್ರಿಗಳು ಮೇಲೆ ಬಂದರು, ಬೂಟು ಬರಲಿಲ್ಲ. “ನಮ್ಮೋರು ಸುಮ್ನೆ ಬಂದೋರಲ್ಲ, ಕೆಸರು ಗೆದ್ದು ಬಂದೋರು!” ಎಂದು ಅವರು ಒಂಟಿ ಕಾಲಲ್ಲಿ ಕುಣಿದರು.

೨. ಮೊನ್ನೆ ಗಾಜು ಒರೆಸಲು ತಮ್ಮ ನಕ್ಷೆಯ ಚೌಕಟ್ಟು ಬಿಚ್ಚಿದೆ. ಅಗಲವಾದ ಮರದ ಪಟ್ಟಿಯ ಅಡಿಯಲ್ಲಿ ನಾಲ್ಕು ದಿಕ್ಕು ತೋರುವ ತಮ್ಮ ದಿಕ್ಕಿನ ಹೂವು ಮುಚ್ಚಿಹೋಗಿತ್ತು. ಉತ್ತರದ ಎಸಳು ಬಲಕ್ಕೆ ಚಾಚಿದೆ! ತಾವು ಪೂರ್ವದ ಕಡಲಿನಿಂದ ಬಂದವರು. ಎದುರಿಗೆ ಕಂಡದ್ದನ್ನು ಮೇಲೆ ಬರೆದಿರಿ. ಮೇಲಿರುವುದು ಪಶ್ಚಿಮ. ಕೆಳಗಿರುವುದು ಪೂರ್ವ, ಎಂದರೆ ನಾವು ಬಿಸಿಲು ಕಾಯಿಸಿಕೊಳ್ಳುವ ನುಣ್ಣನೆಯ ಮರಳ ದಂಡೆ. ದ್ವೀಪವನ್ನು ರೊಟ್ಟಿಯಂತೆ ಗುಂಡಗೆ ಬರೆದಿರುವ ಕಾರಣ ಯಾರಿಗೂ ಅನುಮಾನ ಬರಲಿಲ್ಲ. ಹಿರಿಯರ ಕಾಲುಚೀಲ ಕೂಡ ಒದ್ದೆಯಾಗಿರಲಾರದು. ನಾನು ನೆಲದ ಮೇಲೆ ಕೂತು ಒಬ್ಬಳೇ ನಕ್ಕೆ.

೩. ಆಮೇಲೆ ನಗು ನಿಂತಿತು. ಹೂವನ್ನು ಮುಚ್ಚಿ ಊರನ್ನು ಕೆಸರಿಗಿಳಿಸಿದ ಆ ಚೌಕಟ್ಟು ಹಾಕಿದವರು ಹೆಸ್ಟರ್ ಅತ್ತೆಯ ತಾತ. ಹೆಸ್ಟರ್ ಅತ್ತೆ ನನ್ನನ್ನು ಸಾಕಿದವರು, ಉತ್ಸವ ಸಮಿತಿಯ ಅಧ್ಯಕ್ಷೆ, ಮತ್ತು ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ನಾಳೆಯ ಉತ್ಸವದಲ್ಲಿ ದಡಕ್ಕಿಳಿಯುವ ಮೊದಲ ಹೆಂಗಸಿನ ಪಾತ್ರವೂ ಅವರದೇ. ಕೆಸರಿಗಿಳಿದರೆ ಆ ಮಂಡಿ ಮತ್ತೆ ಏಳುವುದಿಲ್ಲವೆಂದು ಡಾಕ್ಟರು ಹೇಳಿದ್ದಾರೆ. “ಮಂಡಿ ನಂದು. ಇಷ್ಟು ವರ್ಷ ಕಾದಿದೀನಿ, ಇಳಿಯೋಳೂ ನಾನೇ,” ಎಂದಿದ್ದಾರೆ ಅತ್ತೆ.

೪. ಊಟಕ್ಕೆ ಕೂತಾಗ ಪ್ರಯತ್ನಿಸಿದೆ.

“ಅತ್ತೆ, ನಕ್ಷೆ...”

“ಏನೇ ಅದು, ಇಲಿ ಕೆರೆದ ಹಾಗೆ? ಜೋರಾಗಿ ಹೇಳು.”

“ಸಿಗಡಿ ಚೆನ್ನಾಗಿದೆ ಅಂದೆ.”

“ಅದಕ್ಕ್ಯಾಕೆ ಅಳ್ತೀಯ?”

ಆದ್ದರಿಂದ, ನನ್ನ ನಾಲಿಗೆಯನ್ನು ಅಲುಗಿಸುವುದಕ್ಕಿಂತ ಭೂಮಿಯನ್ನು ತಿರುಗಿಸುವುದೇ ಸುಲಭವಾಗಿ ಕಾಣುವ ಕಾರಣ, ಬೆಳಗಾಗುವುದರೊಳಗೆ ಪಶ್ಚಿಮವನ್ನು ಉತ್ತರವೆಂದು ಆದೇಶಿಸಬೇಕಾಗಿ ಪ್ರಾರ್ಥನೆ. ಆಗ ಮರಳ ದಂಡೆಯೇ ದಕ್ಷಿಣವಾಗುವುದು. ಸೂರ್ಯನೂ ಇನ್ನು ಮುಂದೆ ದಕ್ಷಿಣದಲ್ಲಿ ಹುಟ್ಟಬೇಕಾಗುವುದು; ಮೀನುಗಾರರಿಗೆ ನಾನೇ ಚೀಟಿ ಬರೆದು ತಿಳಿಸುತ್ತೇನೆ.

ತಮ್ಮ ವಿಶ್ವಾಸಿ,
ಮಿರಿಯಂ (ಮೆಲ್ಲಗೆ ಓದಿಕೊಳ್ಳುವುದು)

ಲಗತ್ತುಗಳು: ದಿಕ್ಕಿನ ಹೂವಿನ ಪ್ರತಿ, ಡಾಕ್ಟರ ಚೀಟಿ, ಪಾದ್ರಿಗಳ ಎಡ ಬೂಟು (ಬಲದ್ದು ಸ್ಥಳದಲ್ಲಿಯೇ ಇದೆ).

ವಿ.ಸೂ. (ಮರುದಿನ, ಮರಳು ಮೆತ್ತಿದ ಒದ್ದೆ ಲಂಗದಲ್ಲಿ): ಮೇಲಿನ ಅರ್ಜಿಯನ್ನು ವಜಾ ಮಾಡಿ, ಪಶ್ಚಿಮವನ್ನು ಇದ್ದಲ್ಲಿಯೇ ಮುಂದುವರಿಸಬೇಕಾಗಿ ಕೋರಿಕೆ. ಕಾರಣ, ದೋಣಿ ಕೆಸರಿಗೆ ತಾಗಿತು. ಡೋಲು ಬಾರಿಸಿದರು. ಪಾದ್ರಿಗಳು ಈ ಸಲ ಹೊಸ ಬೂಟನ್ನು ಹಗ್ಗದಿಂದ ಕಾಲಿಗೆ ಬಿಗಿದುಕೊಂಡಿದ್ದರು. ಅತ್ತೆ ಲಂಗ ಎತ್ತಿ ಒಂದು ಕಾಲನ್ನು ಹೊರಗೆ ಚಾಚಿದರು. ನಾನು ಹಿಂದಿನಿಂದ ಅವರ ಸೊಂಟದ ಪಟ್ಟಿ ಹಿಡಿದೆ.

“ಬಿಡೇ! ಏನಿದ್ರೂ ಜೋರಾಗಿ ಹೇಳು!”

ಮೊದಲು ಬಿಕ್ಕಳಿಕೆಯೇ ಬಂತು. ಆಮೇಲೆ, ಜೌಗಿನ ಕೊಕ್ಕರೆಗಳೆಲ್ಲ ಒಟ್ಟಿಗೆ ಹಾರುವಂತೆ, ನಾನು ಕೂಗಿದೆ:

“ಅತ್ತೆ, ಕಾಲು ಒಳಗೆ ತಗೊಳ್ಳಿ! ಇದು ತಪ್ಪು ದಡ! ಮರಳು ಆ ಕಡೆ ಇದೆ, ಅಲ್ಲಿ ನೀವೇ ಮೊದಲು ಇಳಿಯುವಿರಂತೆ!”