ಮೂರನೇ ಮಹಡಿಯ ನೆರೆ ಸಂತ್ರಸ್ತರು

ಸರ್ಕಾರಿ ನೋಟಿಸ್ ಕಂಡರೆ ಪೂರ್ತಿ ಓದಿ, ಓದಿದ್ದನ್ನು ಪಾಲಿಸಿಯೂ ಬಿಡುವ ದುರಭ್ಯಾಸ ನನಗಿದೆ. ತುಮಕೂರಿನಲ್ಲಿದ್ದಾಗ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ನೀರು ಕುದಿಸಿ ಕುಡಿಯಿರಿ ಎಂದು ಒಮ್ಮೆ ನಗರಸಭೆಯವರು ಆಟೋದಲ್ಲಿ ಮೈಕ್ ಕಟ್ಟಿಕೊಂಡು ಕೂಗಿದ್ದಕ್ಕೆ ಮದುವೆಯಾಗುವವರೆಗೂ ಕುದಿಸಿಯೇ ಕುಡಿದೆ, ಅಷ್ಟೆ. ನೆದರ್‌ಲ್ಯಾಂಡ್ಸ್‌ನ ಕಷ್ಟವೇ ಬೇರೆ. ಇಲ್ಲಿ ನೋಟಿಸ್ ಹೊರಡಿಸಿದವರೂ ಅದನ್ನು ನಂಬಿರುತ್ತಾರೆ.

ಕಳೆದ ಚಳಿಗಾಲ ಮೂರು ದಿನ ಬಿಡದೆ ಬಿರುಗಾಳಿ ಮಳೆ ಹೊಡೆದು, ಐಂಡ್‌ಹೋವನ್ ಪಕ್ಕದ ನಮ್ಮೂರಿನ ಹೊಳೆ ಉಕ್ಕಿತು. ಮೇಯರ್ ತುರ್ತು ಪರಿಸ್ಥಿತಿ ಘೋಷಿಸಿದರು. ಮಧ್ಯಾಹ್ನ ಊಟಕ್ಕೆ ಕೂತಾಗ ಫೋನು ಕಿರುಚಿಕೊಂಡಿತು. ಗೆಮೇಂಟೆಯ, ಅಂದರೆ ಇಲ್ಲಿನ ಪುರಸಭೆಯ, ಡಚ್ ಸಂದೇಶ. ಫೋನಿನಿಂದಲೇ ಅನುವಾದ ಮಾಡಿಸಿದೆ: ಮನೆಯಲ್ಲಿರುವುದು ಅಪಾಯ ಎನಿಸಿದವರು ಕ್ರೀಡಾಭವನಕ್ಕೆ ಬರಬಹುದು. ನನಗೆ ಕೂಡಲೇ ಎನಿಸಿತು.

"ನಮ್ಮನೆ ಇರೋದು ಮೂರನೇ ಮಹಡೀಲಿ ರೀ," ಎಂದಳು ನನ್ನ ಹೆಂಡತಿ ನಸೀಮಾ.

"ಈ ದೇಶಾನೇ ಸಮುದ್ರಕ್ಕಿಂತ ಕೆಳಗಿದೆ. ಇಲ್ಲಿ ಮೂರನೇ ಮಹಡಿ ಅಂದ್ರೆ ಹೆಚ್ಚುಕಮ್ಮಿ ನೆಲಮಾಳಿಗೆ," ಎಂದೆ.

"ಅದು ಆ್ಯಮ್‌ಸ್ಟರ್‌ಡ್ಯಾಂ ಕಡೆ, ಅಬ್ಬಾ. ನಮ್ಮ ಏರಿಯಾ ಹೈಟ್‌ನಲ್ಲಿದೆ. ನೀರು ಬರೋ ರೋಡ್‌ಗಳ ಲಿಸ್ಟಲ್ಲೂ ನಮ್ಮ ರೋಡ್ ಇಲ್ಲ," ಎಂದಳು ಡಚ್ ಶಾಲೆಗೆ ಹೋಗುವ ಒಂಬತ್ತು ವರ್ಷದ ಮಗಳು ಜೋಯಾ. ಅಂಥ ಹೊತ್ತಿನಲ್ಲಿ ಮಕ್ಕಳ ಮಾತು ಕೇಳುವ ವ್ಯವಧಾನ ಯಾರಿಗಿರುತ್ತದೆ? ಪಾಸ್‌ಪೋರ್ಟು, ಕುಕ್ಕರು, ಉಪ್ಪಿನಕಾಯಿ ಸಮೇತ ಕಾರು ಹತ್ತಿದೆವು.

ಕ್ರೀಡಾಭವನದಲ್ಲಿ ಸಾಲಾಗಿ ಮಂಚಗಳು, ಹಳದಿ ಜಾಕೆಟ್ ತೊಟ್ಟ ಹತ್ತು ಹನ್ನೆರಡು ಸ್ವಯಂಸೇವಕರು, ಒಂದು ಹಂಡೆ ಬಟಾಣಿ ಸೂಪು. ಸಂತ್ರಸ್ತರು ಮಾತ್ರ ಒಬ್ಬರೂ ಇಲ್ಲ! ಮನೆಗೆ ನೀರು ಬಂದವರೆಲ್ಲ ನೆಂಟರಿಷ್ಟರ ಮನೆ ಸೇರಿದ್ದರು. ನಾವು ಕಾಲಿಟ್ಟದ್ದೇ ತಡ, ಕಾದು ಕಾದು ಬೇಸತ್ತ ಮದುವೆಮನೆಗೆ ಗಂಡಿನ ದಿಬ್ಬಣ ಬಂದಂತಾಯಿತು. ನಮ್ಮ ಮೂವರ ಜವಾಬ್ದಾರಿಯನ್ನು ಹೆನ್ನಿ ಎಂಬ ಎಪ್ಪತ್ತರ ಅಜ್ಜಿಗೆ ವಹಿಸಿದರು. ಆಕೆ ನನಗೆ ಎರಡು ಕಂಬಳಿ ಹೊದಿಸಿ, ಇಂಗ್ಲಿಷಿನಲ್ಲಿ, "ಇನ್ನು ಹೆದರಬೇಡಿ," ಎಂದರು.

ಸೂಪಿನಲ್ಲಿ ಹಂದಿಮಾಂಸ ಇತ್ತು. ಹಸಿವಿಲ್ಲ ಎಂದು ಜಾರಿಕೊಳ್ಳಲು ನೋಡಿದೆ. ಕಾರಣ ಊಹಿಸಿದ ಹೆನ್ನಿ ಸೈಕಲ್ ಹತ್ತಿ ಆ ಗಾಳಿಯಲ್ಲೇ ಹೋಗಿ, ಅರ್ಧ ಗಂಟೆಯ ಮೇಲೆ ಬೇಳೆ ಸೂಪಿನ ಡಬ್ಬಿ ತಂದರು. ಅವರ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ಬೆಚ್ಚಗೆ ಕೂತು ಕುಡಿದೆ. ಮನೆಗೆ ಹೊರಡುತ್ತೇವೆ ಎಂದು ಎರಡು ಸಲ ಎದ್ದೆ. ಎರಡು ಸಲವೂ ಇನ್ನೊಂದು ಕಂಬಳಿ ಬಂತು.

ಐದು ಗಂಟೆಗೆ ಹೆನ್ನಿಗೆ ಫೋನು ಬಂತು. ಆಕೆ ಶಾಂತವಾಗಿ ಎರಡು ಮಾತಾಡಿ ಇಟ್ಟು, ಪಕ್ಕದ ಸ್ವಯಂಸೇವಕರಿಗೆ ಡಚ್‌ನಲ್ಲಿ ಏನೋ ಹೇಳಿದರು. ಜೋಯಾ ನನ್ನ ತೋಳು ಜಗ್ಗಿದಳು. "ಅವರ ಮನೆಗೇ ನೀರು ನುಗ್ಗಿದೆಯಂತೆ ಅಬ್ಬಾ. ಸೋಫಾ ತೇಲ್ತಿದೆಯಂತೆ."

ನಾನು ಗಾಬರಿಯಿಂದ, "ನೀವು ಹೋಗಬೇಕಲ್ವಾ?" ಎಂದೆ.

"ಹೇಗೆ ಹೋಗಲಿ? ನಿಮ್ಮಂಥ ಸಂತ್ರಸ್ತರನ್ನು ಬಿಟ್ಟು?" ಎಂದರು. ಅದರಲ್ಲಿ ವ್ಯಂಗ್ಯ ಹುಡುಕಿದೆ. ಒಂದು ಚೂರಾದರೂ ಸಿಕ್ಕಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಏಳ್ರೀ ಮೇಲೆ," ಎಂದಳು ನಸೀಮಾ. ಹೆನ್ನಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಅವರ ಬೀದಿಗೆ ಹೋದೆವು. ಮೊಣಕಾಲುದ್ದದ, ಮಂಜುಗಡ್ಡೆಯಂಥ ನೀರಿನಲ್ಲಿ ಪ್ಯಾಂಟು ಮಡಚಿ ಇಳಿದು, ಅವರ ಫೋಟೋ ಆಲ್ಬಮ್ಮುಗಳನ್ನೂ ಬೈಯುತ್ತಿದ್ದ ಬೆಕ್ಕನ್ನೂ ಹೊತ್ತು ತಂದೆ. ಹೆನ್ನಿ ನಮ್ಮಲ್ಲೇ ಉಳಿದರು. ಅವರ ಮನೆ ಒಣಗಲು ಎರಡು ತಿಂಗಳು ಹಿಡಿಯಿತು.

ಅಷ್ಟರಲ್ಲಿ ಗೆಮೇಂಟೆಯಿಂದ ಪತ್ರ ಬಂತು. ನೆರೆ ಸಂತ್ರಸ್ತರಾದ ನಮ್ಮ ಕುಟುಂಬ ಚೇತರಿಸಿಕೊಂಡಿದೆ ಎಂದು ಆಶಿಸಿ, ದಾಖಲೆಗಾಗಿ ಒಂದು ಫಾರಂ ಲಗತ್ತಿಸಿದ್ದರು. ಹೆನ್ನಿಯೇ ಓದಿ ಹೇಳಿದರು. ಮೊದಲ ಪ್ರಶ್ನೆ: ಮನೆ ಬಿಟ್ಟು ಬರಲು ಕಾರಣವೇನು?

ಪೆನ್ನು ಹಿಡಿದು 'ನೆರೆ' ಎಂದು ಬರೆದು ಹೊಡೆದುಹಾಕಿದೆ. ಕೊನೆಗೆ ನನಗೆ ಗೊತ್ತಿದ್ದ ಡಚ್‌ನಲ್ಲಿ 'ಭಯ' ಎಂದು ಬರೆದೆ. ಹೆನ್ನಿ ಕನ್ನಡಕ ಸರಿಪಡಿಸಿಕೊಂಡು ಓದಿ, ಕಾಗುಣಿತ ಮಾತ್ರ ತಿದ್ದಿದರು.