ಪಾಯಿಂಟ್ಸಿನ್ಯಾಗ ಬರದ ಚಹಾ

ನಮ್ಮ ಮನಿಯಾಕಿ ಕಸ್ತೂರಿ ನನ್ನ ಕಡೆ ಬಂಗಾರ ಬೇಡಿದಾಕಿ ಅಲ್ಲ. ಸೀರಿ ಬೇಡೂ ಪ್ರಶ್ನೆನೂ ಇಲ್ಲ, ಮನಿ ಹಿಂದಿನ ಮಗ್ಗದಾಗ ದಿನಾ ಸೀರಿನ ಹುಟ್ಟತಾವ. ಮದುವ್ಯಾಗಿ ಇಷ್ಟು ವರ್ಷಕ್ಕ ಅಕಿ ಬಾಯಿಬಿಟ್ಟು ಕೇಳಿದ್ದು ಒಂದ. ಒಂದ ದಿನ ಮುಂಜಾನಿ ತಾನಾಗೇ ಎಚ್ಚರ ಆಗೂಮಟ ಮಲಗಬೇಕು. ಎಚ್ಚರ ಆದಮ್ಯಾಲೆ ಹಾಸಿಗ್ಯಾಗ ಕುಂತಲ್ಲೇ ಯಾರರೆ ಒಂದ ಕಪ್ ಚಹಾ ತಂದು ಕೈಯಾಗ ಕೊಡಬೇಕು.

"ಅಷ್ಟ ಏನು?" ಅಂದೆ.

"ಅಷ್ಟ," ಅಂದ್ಲು.

ಬನಹಟ್ಟಿಯಾಗ ಪಾವರ್‌ಲೂಮ್ ಇಟ್ಕೊಂಡವರ ಮನ್ಯಾಗ ಇದು ಸಣ್ಣ ಬೇಡಿಕಿ ಅಲ್ಲ. ಬೆಳಕು ಹರಿಯೂದ್ರಾಗ ಮಗ್ಗ ನಡಸೂ ಮಂದಿ ಬರ್ತಾರ, ಅವರಿಗೆ ಚಹಾ. ನೂಲು ತಂದವಗ ಚಹಾ. ಮಗ್ಗ ಕೆಟ್ರ ರಿಪೇರಿಯವಗ ಚಹಾ, ಕೆಡದಿದ್ರ ಆ ಖುಷಿಗೆ ನನಗ ಚಹಾ. ಈ ಎಲ್ಲಾ ಚಹಾ ಮಾಡೂ ಕೈ ಒಂದ, ಕಸ್ತೂರಿದು. ಅಕಿ ತನ್ನ ಚಹಾ ಕುಡಿಯೂದು ಎಲ್ಲಾರದೂ ಮುಗಿದ ಮ್ಯಾಲೆ, ಅದೂ ನಿಂತ್ಕೊಂಡು, ಅದೂ ಆರಿದ್ದು.

ಆದ್ರ ನಾ ಹೆದರಲಿಲ್ಲ. ಯಾಕಂದ್ರ ನನ್ನ ಕಡೆ ಪಾಯಿಂಟ್ಸ್ ಇದ್ವು.

ಬ್ಯಾಂಕಿನವರು ಒಂದ ಕಾರ್ಡ್ ಕೊಟ್ಟಿದ್ರು. ಅದನ್ನ ಉಜ್ಜಿದಷ್ಟೂ ಪಾಯಿಂಟ್ಸ್ ಕೂಡತಾವ ಅಂತ ಹೇಳಿದ್ರು. ಅವತ್ತಿನಿಂದ ನಮ್ಮ ಓಣ್ಯಾಗ ಯಾರ ಏನ ಕೊಂಡ್ರೂ ಅಂಗಡಿ ಮುಂದ ನಾ ಹಾಜರ. ಬಾಜೂ ಮನಿ ಗುರುಪಾದಂದು ಫ್ರಿಜ್ಜು, ಎದರ ಮನಿಯವರದು ವಾಷಿಂಗ್ ಮಷೀನು, ಯಾರದೋ ಮದುವಿ ಪಲ್ಲಂಗ, ಎಲ್ಲಾ ನನ್ನ ಕಾರ್ಡಿನ ಮ್ಯಾಲೆ ಉಜ್ಜಿಸಿ, ರೊಕ್ಕ ಅವರ ಕಡೆ ಕೈಯಾಗ ತಗೋತಿದ್ದೆ. ಓಣಿ ಉದ್ಧಾರ ಆತು, ನನ್ನ ಪಾಯಿಂಟ್ಸೂ ಬೆಳದ್ವು.

ಆ ಪಾಯಿಂಟ್ಸಿಗೆ ಒಂದ ಮಿಕ್ಸರ್ ಬರತಿತ್ತು. ಇಲ್ಲಾ ಒಂದ ಸೂಟ್‌ಕೇಸ್. ಇಲ್ಲಾ ಮುಧೋಳ ದಾಟಿ ಬೀಳಗಿ ರಸ್ತೆಕ್ಕ ಇರೂ ರ್‍ಯಾಂಚ್ ರಿಸಾರ್ಟಿನ್ಯಾಗ ಗಂಡ ಹೆಂಡತಿಗೆ ಎರಡು ರಾತ್ರಿ ವಸ್ತಿ. ಮೊಬೈಲದಾಗ ಫೋಟೋ ನೋಡಿದೆ. ಕಟಗಿ ಬೇಲಿ, ಕಟಗಿ ಮನಿ, ಅಗಲ ಟೊಪಿಗಿ ಹಾಕ್ಕೊಂಡು ಕುದರಿ ಮ್ಯಾಲೆ ಕುಂತ ಒಬ್ಬ ಮನಶಾ. ರ್‍ಯಾಂಚ್ ಅಂದ್ರ ಅಮೆರಿಕಾದಾಗ ದನ ಸಾಕೂ ತ್ವಾಟ ಅಂತ ಗುರುಪಾದ ತಿಳಿಸಿ ಹೇಳಿದ.

"ದನದ ತ್ವಾಟಕ್ಕ ಯಾಕ್ರಿ ಹೋಗೂದು?" ಅಂದ್ಲು ಕಸ್ತೂರಿ. "ನಾ ಚಿಮ್ಮಡದಾಗ ಹುಟ್ಟಿದ್ದ ದನದ ಕೊಟ್ಟಿಗಿ ಬಾಜೂಕ. ಅದಕ್ಕೂ ಪಾಯಿಂಟ್ಸ್ ಕೊಡೂದಾ?"

"ಇದು ಬ್ಯಾರೆ. ಅಲ್ಲೆ ದನ ಬರೇ ನೋಡಾಕ ಇರ್ತಾವ. ಚಹಾ ಮಾತ್ರ ಹಾಸಿಗಿಗೆ ಬರತೈತಿ."

ಬುಕ್ ಮಾಡಿದೆ. ಮಗ್ಗದ ಖೋಲಿ ಬಾಗಲಕ್ಕ ಸುಣ್ಣದ ಕಡ್ಡೀಲೆ ಬರದೂ ಇಟ್ಟೆ: "ಮಾಲಕರು ಹಾಗೂ ಮಾಲಕಿಣಿಯವರು ಸಂಪೂರ್ಣ ವಿಶ್ರಾಂತಿ ನಿಮಿತ್ತ ಎರಡು ದಿವಸ ಪರಸ್ಥಳಕ್ಕೆ ತೆರಳುತ್ತಿದ್ದು, ಸದರಿ ಅವಧಿಯಲ್ಲಿ ಚಹಾ ಇರುವುದಿಲ್ಲ." ಗುರುಪಾದ ಓದಿ, ದನಿ ಸಣ್ಣ ಮಾಡಿ ಕೇಳಿದ, "ಯಾವ ದವಾಖಾನಿಗೆ ಅಡ್ಮಿಟ್ ಮಾಡಾಕತ್ತೀರಿ?"

ಬಸ್ಸು ಮುಧೋಳ ಸ್ಟ್ಯಾಂಡಿನ್ಯಾಗ ನಿಂತಾಗ ಕಸ್ತೂರಿ ಚಡಪಡಿಸಾಕ ಹತ್ತಿದ್ಲು. ನಮ್ಮ ಮಗಳು ವಿದ್ಯಾನ್ನ ಕೊಟ್ಟಿದ್ದು ಮುಧೋಳ ಬಾಜೂಕಿನ ಒಂದ ಹಳ್ಳಿಗೆ. ಮಗಳು ಅಳಿಯ ಬೆಳಗಾವಿಯಾಗ ಇರ್ತಾರ. ಊರ ಮನ್ಯಾಗ ಬೀಗರು ಶಿವಲಿಂಗಪ್ಪನವರು, ಬೀಗತಿ ಇಬ್ಬರ.

"ಬೀಗರಿಗೆ ಒಂದ ಫೋನರೆ ಮಾಡ್ರಿ. ಅವರ ಊರ ಮುಂದ ಹಾದು ಹೊಂಟೇವಿ."

"ಫೋನ್ ಮಾಡಿದ್ರ ಮನಿಗೆ ಬರ್ರಿ ಅಂತಾರ. ಹೋದ್ರ ಅಲ್ಲೇ ಉಳೀರಿ ಅಂತಾರ. ಬೀಗರ ಮನ್ಯಾಗ ನೀ ಹೊತ್ತೇರೂಮಟ ಮಲಗಾಕಿ ಏನು?"

ಅಕಿ ವಿಚಾರ ಮಾಡಿದ್ಲು. ನಮ್ಮ ಕಡೆ ಬೀಗರ ಊರು ಹಾದು ಹೋಗಿ ಅವರ ಮನ್ಯಾಗ ನೀರು ಕುಡೀಲಿಲ್ಲ ಅಂದ್ರ ಅದು ಒಂದ ವರ್ಷದ ಮಾತು. ಅವರ ಊರ ಬಾಜೂಕ ಬಾಡಿಗಿ ಖೋಲ್ಯಾಗ ಇಳದ್ರ, ಅದು ಮಗಳು ಜೀವನಪೂರ್ತಿ ಕೇಳೂ ಮಾತು. ಆದ್ರ ಚಹಾದ ಆಸೆ ದೊಡ್ಡದಾತು. ಕಸ್ತೂರಿ ಸೆರಗು ಮಾರಿ ಮ್ಯಾಲೆ ಎಳಕೊಂಡ್ಲು, ನಾ ಪೇಪರ್ ಅಡ್ಡ ಹಿಡದೆ. ಬಸ್ಸು ಹೊಂಟಮ್ಯಾಲೆ ನೋಡಿದ್ರ ಪೇಪರ್ ತಲಿಕೆಳಗ ಆಗಿತ್ತು.

ರ್‍ಯಾಂಚಿನ್ಯಾಗ ಕೌಂಟರಿನ ಹುಡಿಗಿ ನಮ್ಮಿಬ್ಬರ ತಲಿಗೂ ಒಂದೊಂದು ಕೌಬಾಯ್ ಟೊಪಿಗಿ ಇಟ್ಲು. ಕಸ್ತೂರಿ ಸೆರಗಿನ ಮ್ಯಾಲಿಂದ ಅದು ಜಾರಿ ಜಾರಿ ಬೀಳತಿತ್ತು.

"ಎ.ಸಿ. ಹಚ್ಚೂದು ಎಲ್ಲೆವ್ವಾ?" ಅಂದೆ.

"ಅದು ಪಾಯಿಂಟ್ಸಿನ್ಯಾಗ ಬರಂಗಿಲ್ರಿ."

"ಕುದರಿ?"

"ಅದೂ ಪಾಯಿಂಟ್ಸಿನ್ಯಾಗ ಬರಂಗಿಲ್ರಿ. ಕುದರಿ ಬಾಜೂಕ ನಿಂತು ಫೋಟೋ ಬರತೈತಿ."

"ಮುಂಜಾನಿ ಚಹಾನರೆ ಬರತೈತೋ ಇಲ್ಲೋ?"

"ಬರತೈತ್ರಿ. ರ್‍ಯಾಂಚ್ ಅನುಭವದಾಗ ಬರತೈತಿ."

ನಾ ಕಸ್ತೂರಿ ಕಡೆ ಹೊಳ್ಳಿ, ಗೆದ್ದವರಂಗ ನಕ್ಕೆ. ಚಹಾ ಅನ್ನೂದಷ್ಟ ಕಿವ್ಯಾಗ ಬಿದ್ದಿತ್ತು. ಅನುಭವ ಅನ್ನೂ ಮಾತಿನ ಕಡೆ ನಾ ಲಕ್ಷ್ಯ ಕೊಡಲಿಲ್ಲ.

ಅವತ್ತ ಮಲಗಾಕ ಹೋದ್ರ ನಿದ್ದಿ ಬರಲಿಲ್ಲ. ಕಾರಣ, ಗದ್ದಲ ಇರಲಿಲ್ಲ. ಬನಹಟ್ಟಿಯಾಗ ನಾವು ಮಗ್ಗದ ಖಟಪಟದಾಗ ಮಲಗೂ ಮಂದಿ. ಕರೆಂಟ್ ಹೋಗಿ ಮಗ್ಗ ನಿಂತ್ರ ಓಣಿಗೆ ಓಣಿ ಎದ್ದು ಕುಂದರತೈತಿ. ಇಲ್ಲೆ ಕಣ್ಣು ಮುಚ್ಚಿದ್ರ ಸಾಕು, ಕರೆಂಟ್ ಹೋತು ಅಂತ ಜೀವ ಹೇಳತಿತ್ತು. ಇಬ್ಬರೂ ಮಲಗೂದು, ಏಳೂದು, ದೀಪ ಹಚ್ಚಿ ಕರೆಂಟ್ ಐತಿ ಅಂತ ಖಾತ್ರಿ ಮಾಡ್ಕೊಳ್ಳೂದು. ಇದ ನಡೀತು.

ನಸುಕಿನ್ಯಾಗ ಆಗಷ್ಟ ಕಣ್ಣು ಹತ್ತಿತ್ತು. ಹೊರಗ ಗಂಟಿ ಬಾರ್ಸಿದ್ರು. ಬಾಗಲಾ ತಗದ್ರ ಟೊಪಿಗಿ ಹಾಕ್ಕೊಂಡ ಮ್ಯಾನೇಜರ್ ನಿಂತಿದ್ದ. "ಗುಡ್ ಮಾರ್ನಿಂಗ್ ಸರ್. ರ್‍ಯಾಂಚ್ ಅನುಭವ."

"ಚಹಾ ಎಲ್ಲೈತಿ?"

"ಅದ ಸರ್. ನೀವ ಕರೆದ ಹಾಲು, ನೀವ ಹಚ್ಚಿದ ಒಲಿ, ನೀವ ಕುದಿಸಿದ ಚಹಾ. ನಮ್ಮ ರ್‍ಯಾಂಚಿನ ವಿಶೇಷ."

ಕಸ್ತೂರಿ ಸೆರಗು ಸೊಂಟಕ್ಕ ಸಿಗಿಸಿದ್ಲು. ಅಕಿ ಏನರೆ ಅಂದಿದ್ರ ನನಗ ಸಮಾಧಾನ ಆಗತಿತ್ತು.

"ರೊಕ್ಕಾ ಕೊಡ್ತೇನಪಾ, ಒಂದ ಕಪ್ ಖೋಲಿಗೆ ಕಳಸು," ಅಂತ ಕೈಮುಗದೆ.

"ಖೋಲಿಗೆ ಚಹಾ ಕೊಡೂದಿಲ್ಲ ಸರ್. ಕೊಟ್ರ ಅನುಭವ ಹೋಗತೈತಿ."

ಗಂಡಸ್ತನ ಅನ್ನೂದು ಇಂಥಾ ಹೊತ್ತಿನ್ಯಾಗ ಇಲ್ಲದ ಕಡಿಂದ ಎದ್ದು ಬರತೈತಿ. "ನೀ ಕುಂದರು, ಹಾಲು ನಾ ಹಿಂಡತೇನಿ," ಅಂತ ರಿಬ್ಬನ್ ಕಟ್ಟಿದ ಬಕೀಟು ಹಿಡ್ಕೊಂಡು ಆಕಳ ಬಾಜೂಕ ಕುಂತೆ. ಆಕಳ ಒಮ್ಮೆ ಹೊಳ್ಳಿ ನನ್ನ ನೋಡ್ತು. ನನ್ನ ಟೊಪಿಗಿ ನೋಡ್ತು. ಆಮ್ಯಾಲೆ ಬಕೀಟು ಒಂದ ಕಡೆ ಹೋತು, ನಾ ಒಂದ ಕಡೆ ಹೋದೆ. ನಾ ಹೋದ ಕಡೆ ಶೆಗಣಿ ಇತ್ತು.

ಕಸ್ತೂರಿ ಸೀರಿ ಎತ್ತಿ ಕಟ್ಟಿದ್ಲು, ಆಕಳ ಬೆನ್ನು ಚಪ್ಪರಿಸಿ ಕುಂತ್ಲು. ಬಕೀಟು ತುಂಬಿತು. ಒಲಿ ಒಂದ ಕಡ್ಡ್ಯಾಗ ಹತ್ತಿತು. ಶುಂಠಿ ಜಜ್ಜಿದ ವಾಸನಿ ಎದ್ದಿದ್ದ ತಡ, ಹುಬ್ಬಳ್ಳಿಯಿಂದ ಬಂದಿದ್ದ ಒಂದ ದೊಡ್ಡ ಪರಿವಾರ ನಮ್ಮ ಸುತ್ತ ಕೂಡಿತು. ಅವರ ಪಾಲಿಗೆ ಬಂದ ಆಕಳ ಒಂದ ಹನಿ ಹಾಲೂ ಕೊಟ್ಟಿರಲಿಲ್ಲ. "ಆಂಟಿ, ನಮಗೂ ಒಂದ ಕಪ್," ಅಂದ್ರು. ಅವರ ಹಿಂದ ಇನ್ನೊಂದು ಗುಂಪು. ಕಡೀಕ ಮ್ಯಾನೇಜರೂ ಕಪ್ ಹಿಡ್ಕೊಂಡು ಪಾಳಿಯಾಗ ನಿಂತ. ಮನ್ಯಾಗ ಕಸ್ತೂರಿ ಮಗ್ಗದವರಿಗಷ್ಟ ಚಹಾ ಮಾಡತಿದ್ಲು. ಇಲ್ಲೆ ಇಡೀ ರ್‍ಯಾಂಚಿಗೆ ಮಾಡಾಕತ್ತಿದ್ಲು. ಸುಧಾರಣಾ ಅಂದ್ರ ಇದ.

ಅಷ್ಟರಾಗ ಹಸಿ ಮೇವು ತುಂಬಿದ ಟ್ರ್ಯಾಕ್ಟರ್ ಒಳಗ ಬಂತು. ಟ್ರ್ಯಾಕ್ಟರಿನ ಮ್ಯಾಲೆ ನಮ್ಮ ಬೀಗರು ಶಿವಲಿಂಗಪ್ಪನವರು. ಈ ರ್‍ಯಾಂಚಿನ ದನಕ್ಕ ಮೇವು ಹಾಕೂ ಗುತ್ತಿಗಿ ಅವರದ ಅಂತ ನನಗ ಆಗ ತಿಳೀತು. ನಾ ಟೊಪಿಗಿ ಮೂಗಿನಮಟ ಎಳಕೊಂಡೆ. ಆದ್ರ ಅವರು ನೋಡಿದ್ದು ನನ್ನನ್ನ ಅಲ್ಲ.

"ಅಕ್ಕಾರ," ಅಂದ್ರು. ಕೆಳಗ ಇಳಿದು ಬಂದು ಕಸ್ತೂರಿನ್ನ ನೋಡಿದ್ರು, ಒಲಿ ನೋಡಿದ್ರು, ಪಾಳಿ ಹಚ್ಚಿದ ಮಂದಿ ನೋಡಿದ್ರು. ಶೆಗಣಿ ಮೆತ್ತಿದ ನನ್ನ ಪ್ಯಾಂಟು ನೋಡಿದ ಮ್ಯಾಲೆ ಅವರ ದನಿ ಕುಸೀತು. "ಬೀಗರ, ಇಬ್ಬರೂ ಇಲ್ಲೆ ಕೆಲಸಕ್ಕ ಸೇರಿರೇನು? ಮಗ್ಗ ಮಾರಿದ್ರಾ? ನಮಗ ಒಂದ ಮಾತು ತಿಳಸಬಾರದಾಗಿತ್ತಾ?"

ನನ್ನ ಮುಂದ ಎರಡ ದಾರಿ ಇದ್ವು. ಹೂಂ ಅಂದ್ರ ನಾ ದಿವಾಳಿ. ಇಲ್ಲ ಅಂದ್ರ ಬೀಗರ ಮನಿ ಬಿಟ್ಟು ಬಾಡಿಗಿ ಖೋಲ್ಯಾಗ ಇಳಿದ ಮನಶಾ. ಯಾವುದು ಮರ್ಯಾದಿ ಅಂತ ಬರೋಬ್ಬರಿ ತೂಗಿ ನೋಡಿದೆ. ದಿವಾಳಿನ ಛಲೋ ಅನಸಿತು. ಅದನ್ನ ಹೇಳಾಕ ಬಾಯಿ ತಗೀಬೇಕು, ಕಸ್ತೂರಿ ಖರೆ ಹೇಳಿಬಿಟ್ಲು.

"ವಿಶ್ರಾಂತಿಗೆ ಬಂದೇವ್ರಿ."

ನಾ ಗಡಬಡಿಸಿ ಪಾಯಿಂಟ್ಸಿನ ಶಾಸ್ತ್ರ ಬಿಚ್ಚಿದೆ. ಕಾರ್ಡು, ಗುರುಪಾದನ ಫ್ರಿಜ್ಜು, ಮದುವಿ ಪಲ್ಲಂಗ, ಎಲ್ಲಾ ಹೇಳಿದೆ. ಅವರು ಪೂರ್ತಿ ಕೇಳಿದ್ರು.

"ಅಂದ್ರ ಪುಕ್ಕಟೆ ಅಂತ ಇಲ್ಲಿಗೆ ಬಂದ್ರಿ?"

"ಹೂಂರಿ."

"ನಮ್ಮ ಮನ್ಯಾಗ ಏನ್ ರೊಕ್ಕಾ ತಗೋತಿದ್ವೇನ್ರಿ, ಬೀಗರ?"

ನಾ ಟೊಪಿಗಿ ತಗದು ಬಗಲಾಗ ಇಟ್ಕೊಂಡೆ.

ಮೇವು ಇಳಿಸಿದ ಟ್ರೇಲರಿನ್ಯಾಗ ನಮ್ಮ ಬ್ಯಾಗು ಏರಿದ್ವು, ನಾವೂ ಏರಿದ್ವಿ. ಉಳಿದ ಒಂದ ರಾತ್ರಿದು ಪಾಯಿಂಟ್ಸ್ ವಾಪಸ್ ಕೊಡ್ರಿ ಅಂತ ಕೌಂಟರಿನ್ಯಾಗ ಕೇಳಿದೆ. ಅದು ಪಾಯಿಂಟ್ಸಿನ್ಯಾಗ ಬರಂಗಿಲ್ಲ ಅಂದ್ರು.

ಬೀಗತಿ ನಮ್ಮನ್ನ ನೋಡಿ ಬಯ್ಯಲಿಲ್ಲ. ಬೈದಿದ್ರ ಮುಗೀತಿತ್ತು. ಹೋಳಿಗಿ ಮಾಡಿದ್ರು. ಬಡಸುವಾಗ ಪ್ರತಿ ಹೋಳಿಗಿಗೂ ಒಂದ ಮಾತು, "ನಮ್ಮ ಕೈಯಡಗಿ ರಿಸಾರ್ಟಿನಷ್ಟು ರುಚಿ ಇರಂಗಿಲ್ರಿ, ಸಾವರಿಸ್ಕೊಂಡು ಉಣ್ರಿ." ನಾ ಸಾವರಿಸ್ಕೊಂಡು ಉಂಡೆ. ಕಸ್ತೂರಿ ಒಂದ ಹೋಳಿಗಿನ್ನ ಮುರಕೊಂತ ಕುಂತ್ಲು.

ಅಲ್ಲೇ ಉಳದ್ವಿ. ಇನ್ನ ಮುಂಜಾನಿದು ಕೇಳಬ್ಯಾಡ್ರಿ. ಬೀಗತಿ ಎದ್ದು ಕಸಾ ಹೊಡೀವಾಗ ಹುಡಿಗಿ ತಾಯಿ ಮಲಗಿದ್ರ ನಡೀತೈತೇನು? ಕಸ್ತೂರಿ ಎದ್ಲು. "ನೀವ್ಯಾಕ ಎದ್ರಿ, ಮಲಗ್ರಿ," ಅಂದ್ರು ಅವರು. "ಇಲ್ರಿ, ನೀವು ಕುಂದರ್ರಿ," ಅಂದ್ಲು ಇಕಿ. ಈ ಮರ್ಯಾದಿ ಪೈಪೋಟಿಯೊಳಗ ಕಸಾ ಹೋತು, ಅಂಗಳಾ ಸಾರಿಸಿ ಆತು, ರೊಟ್ಟಿ ಬಡದೂ ಆತು. ಮೇವಿನ ಟ್ರೇಲರಿನ್ಯಾಗ ಮೈ ನುಗ್ಗಾಗಿದ್ದಕ್ಕ ನಾ ಮಾತ್ರ ಗಡದ್ದಾಗಿ ನಿದ್ದಿ ಹೊಡದೆ. ಹೊತ್ತೇರಿದ ಮ್ಯಾಲೆ ತಾನಾಗೇ ಎಚ್ಚರ ಆತು. ಕಣ್ಣು ಬಿಟ್ರ ಬೀಗತಿ ಎದರಿಗೆ ನಿಂತಿದ್ರು.

"ಏಳಬ್ಯಾಡ್ರಿ ಬೀಗರ, ಅಲ್ಲೇ ಕುಂದರ್ರಿ. ಚಹಾ ತಗೋರಿ."

ನಾ ಹಾಸಿಗ್ಯಾಗ ಕುಂತೆ. ಕಪ್ ಕೈಗೆ ಬಂತು. ಬೀಗತಿ ಹಿಂದ ಬಾಗಲದಾಗ ಕಸ್ತೂರಿ ನಿಂತಿದ್ಲು, ಕೈತುಂಬ ಹಿಟ್ಟು. ಅಕಿ ನನ್ನ ನೋಡಿದ ನೋಟಕ್ಕ ಆ ಚಹಾ ಗುಟುಕು ಗುಟುಕಿಗೂ ಸುಡ್ತು. ಆದ್ರೂ ಕುಡದೆ. ಬೀಗರ ಮನಿ ಚಹಾ ಬಿಟ್ರ ಮತ್ತೊಂದು ಮಾತು ಬರತೈತಿ.

ಬಸ್ಸಿನ್ಯಾಗ ಹೊಳ್ಳಿ ಬರುವಾಗ ಮಗಳ ಫೋನು. ವಿದ್ಯಾಗ ಎಲ್ಲಾ ಸುದ್ದಿ ಮುಟ್ಟಿತ್ತು.

"ಅಪ್ಪಾ, ಅವ್ವ ಕೇಳಿದ್ದು ಒಂದ ಕಪ್ ಚಹಾ ಹೌದಲ್ಲೋ?"

"ಹೌದವ್ವಾ."

"ಮನ್ಯಾಗ ನೀನ ಒಂದ ದಿನ ಮೊದಲ ಎದ್ದು ಇಟ್ಟಿದ್ರ ಆಗತಿತ್ತಲ್ಲಾ."

ಕಿಡಕ್ಯಾಗಿಂದ ಹೊರಗ ನೋಡಿದೆ. ಇಷ್ಟು ವರ್ಷದಾಗ ಈ ವಿಚಾರ ನನ್ನ ತಲ್ಯಾಗ ಒಂದ ಸಲಾನೂ ಬಂದಿರಲಿಲ್ಲ. ನನಗ ನಾಚಿಕಿ ಆತು, ಖರೇನ ಆತು. ಬಾಜೂಕ ಕಸ್ತೂರಿ ಕಣ್ಣು ಕೆಂಪಗ ಮಾಡ್ಕೊಂಡು ತೂಕಡಿಸಾಕತ್ತಿದ್ಲು. ಬಸ್ಸು ಜಿಗಿದಾಗೊಮ್ಮೆ ಅಕಿ ತಲಿ ಕಿಡಕಿಗೆ ಬಡೀತಿತ್ತು.

ಮನಿ ಮುಟ್ಟಿದ ಕೂಡಲೆ ಅಕಿ ಚಾಪಿ ಮ್ಯಾಲೆ ಬಿದ್ಲು. ಹಿಂದ ಖೋಲ್ಯಾಗ ಮಗ್ಗ ಖಟಪಟ ಖಟಪಟ ನಡದಿದ್ವು. ಎರಡ ದಿನದ ನಿದ್ದಿ ಒಮ್ಮೆಲೆ ಬಂತು ಅಕಿಗೆ, ಗೊರಕಿ ಹೊಡದ್ಲು. ನಾ ಸಪ್ಪಳಾಗದಂಗ ಅಡಗಿಮನಿಗೆ ಹೋದೆ. ಸಕ್ಕರಿ ಡಬ್ಬಿ ಹುಡುಕೂದ್ರಾಗ ಉಪ್ಪಿನ ಡಬ್ಬಿ ಎರಡ ಸಲ ಸಿಕ್ಕಿತು. ಒಂದ ಸಲ ಹಾಲು ಉಕ್ಕಿತು. ಕಡೀಕ ಒಂದ ಕಪ್ ಚಹಾ, ಖರೇನ ಚಹಾದ ಬಣ್ಣದ್ದು, ತಯಾರಾತು.

ಕಪ್ ಹಿಡ್ಕೊಂಡು ಅಕಿ ತಲಿದೆಸಿಗೆ ಕುಂತೆ. ಎಬ್ಬಿಸಬಾರದು, ತಾನಾಗೇ ಎಚ್ಚರ ಆಗಬೇಕು, ಅಕಿ ಕೇಳಿದ್ದ ಅದು. ಕುಂತೆ. ಹಬಿ ನಿಂತಿತು. ಮ್ಯಾಲೆ ಕೆನಿ ಕಟ್ಟಿತು. ಆರಿದ ಚಹಾ ಕೊಡಬಾರದು, ಬ್ಯಾರೆ ಬಿಸಿದು ಮಾಡಿ ತರೂನು, ಇದನ್ನ ಚೆಲ್ಲೂದ್ಯಾಕ ಅಂತ ಒಂದ ಗುಟುಕು ಕುಡದೆ. ನಾ ಮಾಡಿದ ಚಹಾ ಇಷ್ಟು ಛಲೋ ಇರತೈತಿ ಅಂತ ನನಗ ಗೊತ್ತಿರಲಿಲ್ಲ. ಇನ್ನೊಂದು ಗುಟುಕು ಕುಡದೆ.

ಕಡೀ ಗುಟುಕಿಗೆ ಕಪ್ ಎತ್ತಿದ್ದೆ. ಕರೆಂಟ್ ಹೋತು.

ಮಗ್ಗ ಒಮ್ಮೆಲೆ ನಿಂತ್ವು. ಓಣಿ ಪೂರಾ ಸುಮ್ಮನಾತು. ಕಸ್ತೂರಿ ಕಣ್ಣು ಬಿಟ್ಲು. ತನ್ನ ಮಕದ ಮ್ಯಾಲೆ ಬಗ್ಗಿ ಕುಂತು, ಕಪ್ ಬಾಯಿಗೆ ಹಚ್ಚಿದ ನನ್ನನ್ನ ಒಂದೀಟು ಹೊತ್ತು ನೋಡಿದ್ಲು.

"ನಿನಗಂತನ ಮಾಡಿದ್ದೆ," ಅಂದೆ.

"ಕಾಣಾಕತ್ತೈತಿ," ಅಂದ್ಲು.

ಮತ್ತ ಮಗ್ಗಲಾಗಿ ಕಣ್ಣು ಮುಚ್ಚಿದ್ಲು. ಹೊರಗ ಮಗ್ಗದ ಮಂದಿ, ಮಗ್ಗ ನಿಂತ್ವು ಅಂತ, ಚಹಾದ ದಾರಿ ಕಾಯ್ಕೊಂತ ಕಟ್ಟಿ ಮ್ಯಾಲೆ ಬಂದು ಕುಂತಿದ್ರು. ನಾ ಮೆತ್ತಗ ಕೇಳಿದೆ, "ಅವರಿಗೆ ಒಂದೀಟು ಚಹಾ ಇಡ್ತಿ ಏನು?"

ಕಣ್ಣು ತಗೀಲಾರದ ಉತ್ತರ ಕೊಟ್ಲು.

"ಅದು ಪಾಯಿಂಟ್ಸಿನ್ಯಾಗ ಬರಂಗಿಲ್ರಿ."